ಗೇರ್ ಬದಲಿಸಿದರೆ ಶ್ರುತಿ ಬದಲಾಗುತ್ತಿತ್ತು: ಒಂದು ಐಪಾಡ್, ಒಂದು ಕಾರ್ ಸ್ಟೀರಿಯೋ

“ತಮ್ಮಾ, ನಿನ್ನ ವೈರಿನ್ಯಾಗ ಯಾರೋ ಕೂತು ಶ್ರುತಿ ಹಿಡದಾರ ನೋಡು. ಆದ್ರ ಒಂದು ಕಡೆ ನಿಲ್ಲವಲ್ದು. ಎರಡನೇ ಗೇರಿನ್ಯಾಗ ಏರತೈತಿ, ಮೂರಕ್ಕ ಹಾಕಿದ್ರ ಧಪ್ ಅಂತ ಇಳೀತೈತಿ.”

2013ರ ಡಿಸೆಂಬರ್‌ನಲ್ಲಿ ಧಾರವಾಡದ ನನ್ನ ಸೋದರಮಾವ ಹೇಳಿದ ಮಾತಿದು. ಅವರ ಐಪಾಡನ್ನು (ಜೇಬಿನಲ್ಲಿಡುವ ಮ್ಯೂಸಿಕ್ ಪ್ಲೇಯರ್) ಕಾರಿನ ಸ್ಟೀರಿಯೋಗೆ ಜೋಡಿಸಿಕೊಟ್ಟು, ‘ಆಯ್ತು ಮಾಮಾ, ಇನ್ನು ಆರಾಮಾಗಿ ಕೇಳಿ’ ಎಂದು ನಾನು ಬೀಗಿ ಒಂದು ದಿನ ಕೂಡ ಆಗಿರಲಿಲ್ಲ. ಅದನ್ನು ಸರಿ ಮಾಡಲು ಮುಂದೆ ಮೂರು ವಾರ ಹಿಡಿಯಿತು. ಕೆಲಸ ಇದ್ದದ್ದು ಮೂರು ಗಂಟೆಯದು ಅಷ್ಟೇ. ಮಿಕ್ಕ ದಿನಗಳೆಲ್ಲ ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳದೆ ಅಂಗಡಿಗೆ ಓಡಿದ್ದರಲ್ಲಿ ಹೋದವು. ಫೋನನ್ನು ಕಾರಿನ ಆಕ್ಸ್‌ಗೆ (ಹೊರಗಿನ ಪ್ಲೇಯರ್ ಜೋಡಿಸುವ ತೂತು) ಹಾಕಿ, ಅದೇ ಹೊತ್ತಿಗೆ ಲೈಟರ್ ಸಾಕೆಟ್ಟಿನಿಂದ ಚಾರ್ಜನ್ನೂ ಮಾಡುವವರಿಗೆ ಈ ಸದ್ದು ಇವತ್ತಿಗೂ ಗೊತ್ತಿರುತ್ತದೆ. ಅದಕ್ಕೇ ನಡೆದದ್ದನ್ನೆಲ್ಲ ಬಿಡದೆ ಬರೆದಿದ್ದೇನೆ, ನನ್ನ ತಪ್ಪುಗಳ ಸಮೇತ.

ಸಾಮಾನು, ಮತ್ತು ಸಾಮಾನಿನ ಯಜಮಾನರು

ಮಾಮಾ ನಿವೃತ್ತ ಗಣಿತ ಮಾಸ್ತರು. ಹಾಡುವವರಲ್ಲ, ಕೇಳುವವರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರನ್ನು ಎದುರಿಗೇ ಕೂತು ಕೇಳಿದ ತಲೆಮಾರು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು. ರಾತ್ರಿ ಅದರಲ್ಲಿ ಬರುತ್ತಿದ್ದ ಸಂಗೀತವನ್ನು ಟೇಪ್ ಮಾಡಿಕೊಳ್ಳುವುದು ಅವರಿಗೆ ಮೂವತ್ತು ವರ್ಷದ ಚಟ. ಗೆಳೆಯರ ಮನೆಯ ಬೈಠಕ್ಕುಗಳದ್ದೂ ಸೇರಿ ಸುಮಾರು 600 ಕ್ಯಾಸೆಟ್ ಆಗಿದ್ದವು.

ಅವರ ಮಗ 2010ರಲ್ಲಿ 160 ಜಿಬಿಯ ಐಪಾಡ್ ಕ್ಲಾಸಿಕ್ ತಂದುಕೊಟ್ಟ. ಕ್ಯಾಸೆಟ್‌ಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ ಎಂಪಿ3 ಮಾಡಿದ್ದು ಮಾಮಾ ಅವರೇ, ಎರಡು ವರ್ಷ ಕೂತು. 192 ಕೆಬಿಪಿಎಸ್‌ನಲ್ಲಿ ಗಂಟೆಗೆ ಸುಮಾರು 86 ಎಂಬಿ ಆಗುತ್ತದೆ. 600 ಗಂಟೆ ಹಾಕಿದರೂ 52 ಜಿಬಿಗೆ ಮುಗಿಯಿತು. ‘ಇಷ್ಟೇನಾ ನನ್ನ ಆಯುಷ್ಯ’ ಎಂದು ನಕ್ಕಿದ್ದರು.

ಅವರ ಹಳೇ ಕಾರಿನಲ್ಲಿ ಕ್ಯಾಸೆಟ್ ಪ್ಲೇಯರ್ ಇತ್ತು. ಅದಕ್ಕೆ 150 ರೂಪಾಯಿಯ ಕ್ಯಾಸೆಟ್ ಅಡಾಪ್ಟರ್ ಹಾಕಿಕೊಂಡಿದ್ದರು. ನೋಡಲು ಕ್ಯಾಸೆಟ್ಟೇ, ಆದರೆ ಒಳಗೆ ಟೇಪ್ ಇಲ್ಲ. ಬಾಲದ ಹಾಗೆ ಒಂದು ವೈರ್ ಹೊರಗೆ ಬಂದಿರುತ್ತದೆ. ಎರಡು ವರ್ಷ ಅದರಲ್ಲೇ ಕೇಳಿದರು. 2012ರಲ್ಲಿ ಆ ಕಾರು ಮಾರಿ, 2008ರ ಮಾಡೆಲ್ಲಿನ ಸಣ್ಣ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಇದರ ಸೆಟ್ಟಿನಲ್ಲಿ ಸಿಡಿ, ರೇಡಿಯೋ, ಮುಂದೆ ಒಂದು ಯುಎಸ್‌ಬಿ, ಒಂದು ಆಕ್ಸ್ ತೂತು. ಬ್ಲೂಟೂತ್ ಇಲ್ಲ. ಕ್ಯಾಸೆಟ್ಟೂ ಇಲ್ಲ.

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಅಂದರೆ ಮನೆಯಲ್ಲಿ ಮಿಕ್ಸಿ ಕೆಟ್ಟರೂ ಕರೆಯುವ ಮನುಷ್ಯ.

ಎರಡು ಕೊಳಲು, ಒಂದೇ ಸ್ಪೀಕರ್

ಹೊಸ ಕಾರಿಗೆ ಮಾಮಾ ಮೊದಲು ಹಾಕಿಕೊಂಡದ್ದು ಎಫ್‌ಎಂ ಟ್ರಾನ್ಸ್‌ಮಿಟರ್. ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಸ್ಟೇಷನ್ ಅದು. ಐಪಾಡಿನ ಹಾಡನ್ನು ಒಂದು ಫ್ರೀಕ್ವೆನ್ಸಿಯಲ್ಲಿ ಬಿಡುತ್ತದೆ, ಕಾರಿನ ರೇಡಿಯೋ ಹಿಡಿಯುತ್ತದೆ. ಧಾರವಾಡದಲ್ಲಿ ಖಾಲಿ ಜಾಗ ಬೇಕಾದಷ್ಟಿತ್ತು, ಚೆನ್ನಾಗೇ ನಡೆಯಿತು.

ಡಿಸೆಂಬರ್‌ನಲ್ಲಿ ಮಗಳ ಮನೆಯಲ್ಲಿ ಒಂದು ತಿಂಗಳು ಇರೋಣವೆಂದು ಅದೇ ಕಾರಿನಲ್ಲಿ ಬೆಂಗಳೂರಿಗೆ ಹೊರಟರು. ಬೆಂಗಳೂರಿನ ಎಫ್‌ಎಂ ಗೊತ್ತಲ್ಲ? 91.1, 91.9, 92.7, 93.5, 94.3. ಮದುವೆ ಊಟದ ಪಂಕ್ತಿಯ ಹಾಗೆ 0.8ಕ್ಕೊಂದು ಎಲೆ. ಆಮೇಲೆ 98.3, 101.3, 102.9, 104. ಮಾಮಾ ಟ್ರಾನ್ಸ್‌ಮಿಟರನ್ನು ಇಟ್ಟಿದ್ದದ್ದು 100.0ಕ್ಕೆ. ಅದಕ್ಕೆ ಒಂದೇ ಒಂದು ಗೆರೆ ಆಚೆ, 100.1ರಲ್ಲಿ, ಆಕಾಶವಾಣಿಯ ಅಮೃತವರ್ಷಿಣಿ. ಶಾಸ್ತ್ರೀಯ ಸಂಗೀತ ಹಾಕುತ್ತಿದ್ದ ಸ್ಟೇಷನ್. ನೆಲಮಂಗಲ ದಾಟಿದ ಮೇಲೆ ಐಪಾಡಿನ ಬಾನ್ಸುರಿಯ ಮೇಲೆ ಯಾರದೋ ಕರ್ನಾಟಕ ಸಂಗೀತದ ಕೊಳಲು ಬಂದು ಕೂತಿತಂತೆ. ಸಿನಿಮಾ ಹಾಡು ಬಂದಿದ್ದರೆ ಥಟ್ಟನೆ ಗೊತ್ತಾಗುತ್ತಿತ್ತು. ಇದು ತಿಳಿಯಲು ಹತ್ತು ನಿಮಿಷ ಬೇಕಾಯಿತು, ‘ಯಾವ ಘರಾಣೆಯ ಜುಗಲ್‌ಬಂದಿ ಇದು ಅಂತ ವಿಚಾರ ಮಾಡಾಕತ್ತಿದ್ದೆ’ ಎಂದರು.

ದೊಡ್ಡ ಸ್ಟೇಷನ್ನಿನ ಪವರ್ ಕಿಲೋವ್ಯಾಟ್‌ಗಳಲ್ಲಿ. ಲೈಟರಿಗೆ ಸಿಕ್ಕಿಸಿದ್ದು ನಾಲ್ಕಾರು ಅಡಿ ತಲುಪಿದರೆ ಹೆಚ್ಚು. ಪೈಪೋಟಿಯೇ ಇಲ್ಲ. ಹಾಗಾಗಿ ಟ್ರಾನ್ಸ್‌ಮಿಟರ್ ಬ್ಯಾಗಿಗೆ ಸೇರಿತು, ನನಗೆ ಫೋನ್ ಬಂತು.

ಆಲಾಪಕ್ಕೆ ಮೊದಲೇ ದ್ರುತ್

ಯುಎಸ್‌ಬಿ ಇದೆಯಲ್ಲ, ಸುಮ್ನೆ ಕೇಬಲ್ ಚುಚ್ಚಿದರಾಯಿತು ಎಂದುಕೊಂಡೆ. ಚುಚ್ಚಿದೆ. ಸೆಟ್ಟು ಐಪಾಡನ್ನು ಐಪಾಡ್ ಎಂದು ಗುರುತಿಸಲಿಲ್ಲ, ಯಾವುದೋ ಡಿಸ್ಕ್ ಎಂದುಕೊಂಡು ಓದಲು ಶುರು ಮಾಡಿತು. ಪರದೆಯಲ್ಲಿ ಬಂದದ್ದು ಎಫ್00, ಎಫ್01, ಎಫ್02 ಎಂಬ ಫೋಲ್ಡರ್‌ಗಳು, ಒಳಗೆ ನಾಲ್ಕಕ್ಷರದ ಅರ್ಥವಿಲ್ಲದ ಹೆಸರುಗಳು.

ಇದು ದೋಷವಲ್ಲ. ಐಪಾಡ್ ಹಾಡುಗಳನ್ನು ಇಟ್ಟುಕೊಳ್ಳುವ ಬಗೆಯೇ ಹಾಗೆ. ಫೈಲ್‌ಗಳನ್ನು ಹತ್ತಾರು ಫೋಲ್ಡರ್‌ಗೆ ಹಂಚಿಬಿಟ್ಟು, ಯಾವ ಹಾಡು ಎಲ್ಲಿದೆ ಎಂಬ ಪಟ್ಟಿಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿ ಓದಲು ಬಾರದ ಸೆಟ್ಟಿಗೆ ಸಿಗುವುದು ಚೆಲ್ಲಾಪಿಲ್ಲಿ ಮಾತ್ರ. ವಿಂಡೋಸ್ ಕಂಪ್ಯೂಟರಿನಲ್ಲಿ ತಯಾರಾದ ಐಪಾಡ್ ಆದ್ದರಿಂದ ಅಷ್ಟಾದರೂ ಕಾಣಿಸಿತು. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆಗಿದ್ದರೆ ಇಂಥ ಸೆಟ್ಟುಗಳಿಗೆ ಏನೂ ಕಾಣುವುದಿಲ್ಲ.

ಒಂದು ಕ್ಯಾಸೆಟ್ಟಿನ ರಾಗ ಮಾಮಾ ಅವರ ಬಳಿ ಎರಡು ಮೂರು ಫೈಲ್ ಆಗಿತ್ತು. ಸೆಟ್ಟು ಮೊದಲು ದ್ರುತ್ (ಕೊನೆಗೆ ಬರುವ ವೇಗದ ಭಾಗ) ಹಾಕಿತು, ಆಮೇಲೆ ಬೇರೆ ಯಾರದೋ ಭೈರವಿ, ಅದಾದ ಮೇಲೆ ಮೊದಲನೆಯದರ ಆಲಾಪ, ಅಂದರೆ ನಿಧಾನದ ಆರಂಭ. ಭೈರವಿಯೆಂದರೆ ಸಾಮಾನ್ಯವಾಗಿ ಕಚೇರಿಯ ಕೊನೆಗೆ ಹಾಡುವ ರಾಗ. ಬೆಳಗ್ಗೆ ಎಂಟಕ್ಕೆ ಅದನ್ನು ಕೇಳಿ ಮಾಮಾ ಕಚೇರಿ ಮುಗಿದೇ ಹೋಯಿತೆಂದು ಎದ್ದು ಕೈ ಮುಗಿಯುವುದೊಂದು ಬಾಕಿ.

ಪೆನ್ ಡ್ರೈವ್‌ಗೆ ಹಾಕಿಕೊಟ್ಟಿದ್ದರೆ ಆಗುತ್ತಿರಲಿಲ್ಲವಾ ಅಂತ ನೀವು ಕೇಳಬಹುದು. ಆಗುತ್ತಿತ್ತು. ನಾನೂ ಹೇಳಿದೆ. ಆದರೆ ಅವರಿಗೆ ಐಪಾಡಿನ ಚಕ್ರದ ಮೇಲೆ ಹೆಬ್ಬೆರಳು ತಿರುಗಿಸುತ್ತಾ ಹೆಸರು ಹುಡುಕುವುದು ರೂಢಿಯಾಗಿತ್ತು. ಎರಡು ವರ್ಷ ಕೂತು ಜೋಡಿಸಿದ ಪಟ್ಟಿ ಅದು. ಬೇಡ ಎಂದ ಮೇಲೆ ವಾದ ಮಾಡುವುದು ಸರಿಯಲ್ಲ.

ಆಕ್ಸ್

ಉಳಿದದ್ದು ಆಕ್ಸ್. ಎರಡೂ ತುದಿಗೆ 3.5 ಮಿಲಿಮೀಟರ್ ಪಿನ್ ಇರುವ ಒಂದು ಮಾಮೂಲಿ ಕೇಬಲ್. ಪಿನ್ನಿನ ತುದಿ ಎಡಗಡೆಯ ಸದ್ದು, ನಡುವಿನ ಉಂಗುರ ಬಲಗಡೆಯದು, ಬುಡದ ತೋಳು ಎರಡಕ್ಕೂ ಸೇರಿದ ಅರ್ತ್, ಅಂದರೆ ಕರೆಂಟ್ ಮರಳುವ ದಾರಿ. ಈ ತೋಳಿನ ಸಂಗತಿ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಜೋಡಿಸಿದ ಕೂಡಲೇ ಹಾಡು ಬಂತು, ಜೊತೆಗೆ ಸಣ್ಣ ಸುಯ್ ಸದ್ದು. ಇದಕ್ಕೆ ಕಾರಣ ಸುಲಭವಾಗಿ ಸಿಕ್ಕಿತು. ಐಪಾಡ್ ಹಾಳಾದೀತೆಂದು ಮಾಮಾ ಅದರ ವಾಲ್ಯೂಮನ್ನು ಮೂರನೇ ಒಂದು ಭಾಗಕ್ಕೆ ಇಟ್ಟು, ಕಾರಿನ ಸೆಟ್ಟನ್ನು ಜೋರಾಗಿ ತಿರುಗಿಸಿದ್ದರು. ಸೆಟ್ಟು ಹಾಡನ್ನೂ ದೊಡ್ಡದು ಮಾಡುತ್ತದೆ, ತನ್ನ ಸುಯ್ ಸದ್ದನ್ನೂ ದೊಡ್ಡದು ಮಾಡುತ್ತದೆ. ಮಾಡಬೇಕಾದದ್ದು ಉಲ್ಟಾ. ಪ್ಲೇಯರನ್ನು ಮುಕ್ಕಾಲಿನಿಂದ ಐದರಲ್ಲಿ ನಾಲ್ಕು ಭಾಗದವರೆಗೆ ಏರಿಸಿ, ಕಾರಿನ ಗುಂಡಿಯನ್ನು ಇಳಿಸುವುದು. ಪೂರ್ತಿ ಏರಿಸಿದರೆ ಕೆಲವು ಪ್ಲೇಯರ್‌ಗಳಲ್ಲಿ ಸದ್ದು ಒಡೆಯುತ್ತದೆ. ಐಪಾಡಿನಲ್ಲಿ ಬೇಸ್ ಹೆಚ್ಚಿಸುವ ಈಕ್ವಲೈಜರ್ ಬೇರೆ ಹಾಕಿದ್ದರು, ಅದನ್ನೂ ಆಫ್ ಮಾಡಿದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಆಕ್ಸ್‌ನಿಂದ ರೇಡಿಯೋಗೆ ಹೋದರೆ ಜಾಹೀರಾತು ಕಿವಿಗೆ ಹೊಡೆಯುವುದು ನಿಂತಿತು.

ಬ್ಯಾಟರಿಯಲ್ಲಿ ಓಡುತ್ತಿದ್ದಾಗ ಐಪಾಡ್ ಅದ್ಭುತವಾಗಿ ಕೇಳಿಸಿತು. ಮರುದಿನ ಮಾಮಾ ಅದನ್ನು ಲೈಟರ್ ಸಾಕೆಟ್ಟಿನ ಚಾರ್ಜರಿಗೆ ಹಾಕಿಕೊಂಡು ಹೊರಟರು. ಆಗ ಬಂದ ಫೋನೇ ಮೊದಲು ಹೇಳಿದ ಮಾತು.

ಫೋನಿನಲ್ಲಿ ಅವರು ಇನ್ನೊಂದು ಮಾತು ಸೇರಿಸಿದ್ದರು. “ಹಳೇ ಗಾಡಿಯೊಳಗ ಕ್ಯಾಸೆಟ್ ಡಬ್ಬಿ ಹಾಕತಿದ್ನೆಲ್ಲಾ, ಅವಾಗೂ ಇದೇ ಚಾರ್ಜರ್. ಇಂಥಾ ಸಪ್ಪಳ ಇರಲಿಲ್ಲ ನೋಡು.” ಹಳೇ ಸಾಮಾನಿನ ಮೇಲಿನ ಪ್ರೀತಿ ಎಂದುಕೊಂಡು ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಂಗಡಿ ಸುತ್ತಿದ ಎರಡು ವಾರ

ಮೊದಲು ಕೇಬಲ್ ಮೇಲೆ ಸಂಶಯ ಬಂತು. ಚಿನ್ನದ ಲೇಪದ ಪಿನ್ ಇರುವ ದಪ್ಪ ಕೇಬಲ್, 450 ರೂಪಾಯಿ. ಗೇರಿನ ಜೊತೆ ಏರಿಳಿಯುವ ಆ ಕೂಗು ಹಾಗೇ ಇತ್ತು, ಈಗ ಇನ್ನೂ ಸ್ಪಷ್ಟವಾಗಿ ಕೇಳುತ್ತಿತ್ತು ಎಂದರೂ ಆದೀತು.

ಆಮೇಲೆ ಐಪಾಡಿನ ತಳದ 30 ಪಿನ್ ಕನೆಕ್ಟರಿಗೆ ಹಾಕುವ ಕೇಬಲ್. ಒಂದೇ ಕೇಬಲಿನಲ್ಲಿ ಚಾರ್ಜೂ ಆಗುತ್ತದೆ, ಲೈನ್ ಔಟ್ ಸದ್ದೂ ಬರುತ್ತದೆ. 600 ರೂಪಾಯಿ. ಲೈನ್ ಔಟ್ ಎಂದರೆ ಹೆಡ್‌ಫೋನಿನ ಆಂಪ್ಲಿಫೈಯರನ್ನು ದಾಟಿ ನೇರವಾಗಿ ಬರುವ ಸದ್ದು. ಐಪಾಡಿನ ವಾಲ್ಯೂಮ್ ಎಷ್ಟಿದ್ದರೂ ಅದು ಒಂದೇ ಮಟ್ಟದಲ್ಲಿರುತ್ತದೆ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ, ಹಾಡು ತಿಳಿಯಾಯಿತು. ಕೂಗು ಮಾತ್ರ ಹೋಗಲಿಲ್ಲ.

ಮೂರನೆಯದು ಜೆ.ಸಿ. ರಸ್ತೆಯ ಒಂದು ಕಾರ್ ಅಂಗಡಿ. ಹುಡುಗ ಬಾನೆಟ್ ಕೂಡ ತೆಗೆಯದೆ ‘ಸಾರ್, ಸೆಟ್ ಹೋಗಿದೆ, ಹೊಸದು ಹಾಕ್ಸಿ’ ಎಂದ. ಬೇಡ ಎಂದಾಗ 700 ರೂಪಾಯಿಗೆ ನಾಯ್ಸ್ ಫಿಲ್ಟರ್ ಹಾಕಿದ. ಸೆಟ್ಟಿಗೆ ಬರುವ 12 ವೋಲ್ಟ್ ತಂತಿಯಲ್ಲಿ ಒಂದು ಸುರುಳಿ, ಒಂದು ಕೆಪಾಸಿಟರ್. ಕೂಗು ಎಷ್ಟಿತ್ತೋ ಅಷ್ಟೇ.

ಇಲ್ಲಿ ಅವನಿಗಿಂತ ನನ್ನ ತಪ್ಪೇ ಜಾಸ್ತಿ. ಆ ಫಿಲ್ಟರ್ ಕೆಲಸ ಮಾಡುವುದು ಗಲಾಟೆ ಸೆಟ್ಟಿನ ಪವರ್ ತಂತಿಯಿಂದ ಒಳಗೆ ಬರುತ್ತಿದ್ದರೆ. ಹಾಗಿದ್ದರೆ ರೇಡಿಯೋದಲ್ಲೂ ಸಿಡಿಯಲ್ಲೂ ಅದೇ ಕೂಗು ಇರಬೇಕು. ಅವೆರಡೂ ಶುದ್ಧವಾಗಿದ್ದವು. ಒಂದು ನಿಮಿಷ ಸಿಡಿ ಹಾಕಿ ಕೇಳಿದ್ದರೆ 700 ರೂಪಾಯಿ ಉಳಿಯುತ್ತಿತ್ತು. ಇಂಜಿನಿಯರ್ ಅಂತ ಬೋರ್ಡ್ ಬೇರೆ.

ಭಾನುವಾರದ ಬೆಳಗ್ಗೆ

ಕೊನೆಗೆ ಒಂದು ಭಾನುವಾರ ಅವರ ಮಗಳ ಮನೆಯ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತೆವು. ಏನೂ ಕೊಳ್ಳುವುದು ಬೇಡ, ಬರೀ ಕೇಳೋಣ ಎಂದು. ಮಾಮಾ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಪೇಪರ್, ಕೈಯಲ್ಲಿ ಪೆನ್ನು.

ಐಪಾಡ್ ಬ್ಯಾಟರಿಯಲ್ಲಿ, ಇಂಜಿನ್ ಆನ್: ಶುದ್ಧ. ಚಾರ್ಜರ್ ಹಾಕಿ, ಇಂಜಿನ್ ಆಫ್, ಕೀ ಮಾತ್ರ ತಿರುಗಿಸಿದಾಗ: ಕೂಗು ಇಲ್ಲ, ಆದರೆ ಕೆಲವು ನಿಮಿಷಕ್ಕೊಮ್ಮೆ ಸಣ್ಣಗೆ ‘ಕಿರ್ರ್’. ಇದು ಐಪಾಡಿನ ಹಾರ್ಡ್ ಡಿಸ್ಕ್. ಒಂದಷ್ಟು ಸಂಗೀತವನ್ನು ಮೆಮೊರಿಗೆ ಎಳೆದುಕೊಂಡು ಡಿಸ್ಕ್ ನಿಂತುಬಿಡುತ್ತದೆ, ಮುಗಿಯುತ್ತಾ ಬಂದಾಗ ಮತ್ತೆ ತಿರುಗುತ್ತದೆ. ತಿರುಗುವಾಗ ಕರೆಂಟ್ ಹೆಚ್ಚು ಎಳೆಯುತ್ತದೆ, ಅದು ಕೇಳಿಸುತ್ತದೆ. ಇನ್ನು ಚಾರ್ಜರೂ ಇದ್ದು ಇಂಜಿನ್ನೂ ಓಡುತ್ತಿದ್ದರೆ ಕೂಗು ಶುರು. ಹೆಡ್‌ಲೈಟ್ ಹಾಕಿದರೆ ಜೋರು. ಏಸಿಯ ಫ್ಯಾನ್ ನಾಲ್ಕಕ್ಕೆ ಇಟ್ಟರೆ ಕೂಗಿನ ಜೊತೆ ಒಂದು ‘ಗರ್’.

ಆಮೇಲೆ ಅಳಿಯನ ಪವರ್ ಬ್ಯಾಂಕ್ ತಂದು, ಲೈಟರ್ ಚಾರ್ಜರಿನ ಬದಲು ಅದರಿಂದ ಚಾರ್ಜ್ ಮಾಡಿದೆವು. ಇಂಜಿನ್ ಆನ್, ಲೈಟ್ ಆನ್, ಫ್ಯಾನ್ ನಾಲ್ಕು. ಪೂರ್ತಿ ಶುದ್ಧ. ಬರೀ ತಂಬೂರಿ. ಮಾಮಾ ಕಣ್ಣು ಮುಚ್ಚಿದರು.

ಅಲ್ಲಿಗೆ ಮುಗಿಯಿತು. ಐಪಾಡೂ ಸರಿ, ಕೇಬಲೂ ಸರಿ, ಸೆಟ್ಟೂ ಸರಿ. ಚಾರ್ಜ್ ಮಾಡುವುದರಿಂದ ತೊಂದರೆ ಅಂತಲೂ ಅಲ್ಲ. ಕಾರಿನಿಂದ ಚಾರ್ಜ್ ಮಾಡಿದರೆ ಮಾತ್ರ ತೊಂದರೆ.

ಕೂಗು ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನು ಮಾಮಾ ತಮ್ಮದೇ ದಾರಿಯಲ್ಲಿ ಹುಡುಕಿದರು. ಮೊಮ್ಮಗಳ ಹಾರ್ಮೋನಿಯಂ ಕೆಳಗೆ ತರಿಸಿದರು. ಇಂಜಿನ್ ಐಡಲ್‌ನಲ್ಲಿದ್ದಾಗ ಒಂದೊಂದೇ ಮನೆ ಒತ್ತುತ್ತಾ ಹೋಗಿ, ಮೇಲಿನ ಕೊನೆಯಲ್ಲಿ ನಿಂತರು. “ಬಿಳಿ ಎರಡು. ಮ್ಯಾಲಿನ ತುದೀದು.” ಪಾರ್ಕಿಂಗಿನ ಸೆಕ್ಯೂರಿಟಿಯವನು ನಮ್ಮನ್ನು ನೋಡುತ್ತಿದ್ದ ರೀತಿ ಇಲ್ಲಿ ಬೇಡ.

ನಾನು ಲೆಕ್ಕ ಹಾಕಿದೆ. ಇಂಜಿನ್ನಿನ ಜೊತೆ ತಿರುಗಿ ಕರೆಂಟ್ ತಯಾರಿಸುವ ಆಲ್ಟರ್ನೇಟರ್‌ಗೆ ಸಾಮಾನ್ಯವಾಗಿ 12 ಧ್ರುವ, ಅಂದರೆ ಆರು ಜೋಡಿ. ಮೂರು ಫೇಸಿನ ಎಸಿಯನ್ನು (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಡಯೋಡ್‌ಗಳು ಡಿಸಿ (ಒಂದೇ ದಿಕ್ಕಿನದು) ಮಾಡುವಾಗ ಒಂದೊಂದು ಜೋಡಿಗೆ ಆರು ಅಲೆ ಉಳಿಯುತ್ತವೆ. ಒಂದು ಸುತ್ತಿಗೆ 36 ಅಲೆ. ಇಂಜಿನ್ ನಿಮಿಷಕ್ಕೆ 800 ಸುತ್ತು, ಬೆಲ್ಟಿನ ಪುಲ್ಲಿ ಎರಡೂವರೆ ಪಟ್ಟು ಎಂದುಕೊಂಡರೆ ಆಲ್ಟರ್ನೇಟರ್ 2000 ಸುತ್ತು, ಸೆಕೆಂಡಿಗೆ ಸುಮಾರು 33. ಗುಣಿಸಿದರೆ 1200 ಹರ್ಟ್ಸ್. ಹಾರ್ಮೋನಿಯಂನ ಆ ಬಿಳಿ ಎರಡು 1175 ಹರ್ಟ್ಸ್ ಆಸುಪಾಸು. ಪುಲ್ಲಿಯ ಲೆಕ್ಕ ನನ್ನ ಊಹೆ, ಆದರೂ ಇಷ್ಟು ಹತ್ತಿರ! ಇಂಜಿನ್ 2500ಕ್ಕೆ ಹೋದರೆ ಅದೇ ಕೂಗು 3700 ಹರ್ಟ್ಸ್ ದಾಟುತ್ತದೆ. ಮನುಷ್ಯರ ಕಿವಿ ಅತಿ ಸೂಕ್ಷ್ಮವಾಗಿರುವ ಜಾಗವೇ ಅದು.

ಮಾಮಾ ಕಾಗದ ತೆಗೆದುಕೊಂಡು ನನ್ನ ಗುಣಾಕಾರ ಮತ್ತೊಮ್ಮೆ ಮಾಡಿ ನೋಡಿದರು. ಮಾಸ್ತರು.

ಅರ್ತ್ ಎಂಬುದು ಒಂದೇ ಅಲ್ಲ

ಕಾರಿನ ಬಾಡಿಯೇ ಅರ್ತ್, ಹಾಗಾಗಿ ಅರ್ತ್ ಎಲ್ಲಿ ಹಿಡಿದರೂ ಒಂದೇ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಹಾಗಿಲ್ಲ. ಡ್ಯಾಶ್‌ಬೋರ್ಡಿನ ಸೈಡ್ ಪ್ಯಾನೆಲ್ ಬಿಚ್ಚಿ ನೋಡಿದೆ. ಲೈಟರ್ ಸಾಕೆಟ್ಟಿನ ಕಪ್ಪು ತಂತಿಯೂ ಫ್ಯಾನ್ ಮೋಟರಿನ ಕಪ್ಪು ತಂತಿಯೂ ಒಂದಾಗಿ ಎಡಗಾಲಿನ ಬಳಿಯ ಒಂದು ಬೋಲ್ಟಿಗೆ ಹೋಗಿದ್ದವು. ಸೆಟ್ಟಿನ ಕಪ್ಪು ತಂತಿ ಬೇರೆ ಬೋಲ್ಟಿಗೆ. 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 12 ಮಿಲಿಓಮ್ ತಡೆ. ಏನೂ ಅಲ್ಲ ಎನಿಸುತ್ತದೆ. ಆದರೆ ಅದರಲ್ಲಿ ಫ್ಯಾನಿನ 5 ಆಂಪಿಯರ್ ಹರಿದರೆ ಆ ಕಡೆಗೂ ಈ ಕಡೆಗೂ 60 ಮಿಲಿವೋಲ್ಟ್ ವ್ಯತ್ಯಾಸ.

ನನ್ನ ಹಳದಿ ಮಲ್ಟಿಮೀಟರಿನಲ್ಲಿ ಎಸಿಗೆ ಇರುವ ಅತಿ ಸಣ್ಣ ರೇಂಜೇ 200 ವೋಲ್ಟ್, ಅದು ಇಂಥದ್ದಕ್ಕೆ ಪ್ರಯೋಜನವಿಲ್ಲ. ಡಿಸಿಯಲ್ಲೇ ಅಳೆದೆ. ಒಂದು ಕಡ್ಡಿ ಸೆಟ್ಟಿನ ಮೈಗೆ, ಇನ್ನೊಂದು ಲೈಟರ್ ಸಾಕೆಟ್ಟಿನ ಹೊರಗೋಡೆಗೆ. ಎಲ್ಲ ಆಫ್ ಇದ್ದಾಗ 9 ಮಿಲಿವೋಲ್ಟ್, ಫ್ಯಾನ್ ಮತ್ತು ಲೈಟ್ ಹಾಕಿದಾಗ 58. ಸೆಟ್ಟಿನೊಳಗಿನ ಕೆಪಾಸಿಟರ್ ಡಿಸಿಯನ್ನು ತಡೆಯುತ್ತದೆ, ನಿಜ. ಅದರ ಮೇಲೆ ಕುಣಿಯುವ ಆಲ್ಟರ್ನೇಟರಿನ ಅಲೆಯನ್ನು ತಡೆಯುವುದಿಲ್ಲ.

ಈಗ ಪಿನ್ನಿನ ಬುಡದ ತೋಳಿಗೆ ಬನ್ನಿ. ಐಪಾಡ್ ಬ್ಯಾಟರಿಯಲ್ಲಿದ್ದಾಗ ಅದಕ್ಕೆ ಕಾರಿನ ಅರ್ತ್ ಸಿಗುವುದು ಒಂದೇ ದಾರಿಯಿಂದ, ಆ ತೋಳಿನಿಂದ. ಚಾರ್ಜರ್ ಹಾಕಿದ ಕೂಡಲೇ ಎರಡನೇ ದಾರಿ ಹುಟ್ಟುತ್ತದೆ. ಲೈಟರ್ ಸಾಕೆಟ್, ಚಾರ್ಜರ್, ಐಪಾಡ್, ಆಡಿಯೋ ಕೇಬಲ್, ಸೆಟ್, ಬಾಡಿ, ಮತ್ತೆ ಸಾಕೆಟ್. ಪೂರ್ತಿ ಒಂದು ಸುತ್ತು. ಇದನ್ನೇ ಗ್ರೌಂಡ್ ಲೂಪ್ ಅನ್ನುವುದು. ಎರಡು ಬೋಲ್ಟ್‌ಗಳ ನಡುವಿನ ವ್ಯತ್ಯಾಸ ಈ ಸುತ್ತಿನಲ್ಲಿ ಕರೆಂಟ್ ಹರಿಸುತ್ತದೆ, ಅದು ಹಾಡಿನ ತಂತಿಯ ಅರ್ತ್‌ನಲ್ಲೇ ಹರಿಯುತ್ತದೆ. ಸೆಟ್ಟಿಗೆ ಅದು ಹಾಡೋ ಕೂಗೋ ಎಂಬ ಭೇದ ಗೊತ್ತಾಗುವುದಿಲ್ಲ. ಸಿನಿಮಾ ಹಾಡಿನ ಡ್ರಮ್ಮಿನಲ್ಲಿ ಇದು ಮುಚ್ಚಿಹೋಗುತ್ತದೆ. ಬರೀ ತಂಬೂರಿ ಮೀಟುವಾಗ ಮುಚ್ಚಲು ಏನಿದೆ? ಹತ್ತು ಜನರಲ್ಲಿ ಒಂಬತ್ತು ಜನ ಈ ಕಾರಿನಲ್ಲಿ ತಕರಾರು ಇಲ್ಲದೆ ಹಾಡು ಕೇಳುತ್ತಿದ್ದರು ಎಂದೇ ನನ್ನ ಅನಿಸಿಕೆ.

ಇಷ್ಟು ಹೊತ್ತಿಗೆ ನನಗೆ ಕ್ಯಾಸೆಟ್ ಡಬ್ಬಿಯ ಮಾತು ನೆನಪಾಯಿತು. ಅಡಾಪ್ಟರಿನೊಳಗೆ ಇರುವುದು ಒಂದು ಪುಟ್ಟ ಹೆಡ್. ಅದು ಪ್ಲೇಯರಿನ ಹೆಡ್ಡಿಗೆ ಮುಖಾಮುಖಿ ಕೂರುತ್ತದೆ. ಹಾಡು ದಾಟುವುದು ಅಯಸ್ಕಾಂತದ ಮೂಲಕ, ತಂತಿಗೆ ತಂತಿ ಸೋಕುವುದೇ ಇಲ್ಲ. ಸೋಕದಿದ್ದರೆ ಸುತ್ತೂ ಇಲ್ಲ, ಕೂಗೂ ಇಲ್ಲ. ಮಾಮಾ ಮೊದಲ ದಿನವೇ ರೋಗದ ಹೆಸರನ್ನು ಹೇಳಿಬಿಟ್ಟಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ಹೇಳಿದೆ. “ಮತ್ತ? ನಾ ಹೇಳಿದ್ದು ಅದನ್ನ ಅಲ್ಲೇನು?” ಎಂದರು, ಹಾರ್ಮೋನಿಯಂ ಮುಚ್ಚುತ್ತಾ.

ಡಗ್ಗಾ ಹೋಯಿತು, ಡಗ್ಗಾ ಬಂತು

ಮದ್ದು ಮೂರು ಬಗೆ. ಪವರ್ ಬ್ಯಾಂಕಿನಿಂದಲೇ ಚಾರ್ಜ್ ಮಾಡುವುದು ಎಲ್ಲಕ್ಕಿಂತ ಸುಲಭ. ಆದರೆ ಅದನ್ನೂ ರಾತ್ರಿ ಚಾರ್ಜ್ ಮಾಡಬೇಕು, ಮಾಮಾ ಒಪ್ಪಲಿಲ್ಲ.

ಎರಡನೆಯದು ಗ್ರೌಂಡ್ ಲೂಪ್ ಐಸೊಲೇಟರ್. ಎಸ್.ಪಿ. ರಸ್ತೆಯಲ್ಲಿ 350 ರೂಪಾಯಿಗೆ ಸಿಕ್ಕಿತು. ಬೆಂಕಿಪೊಟ್ಟಣದಷ್ಟು ಡಬ್ಬಿಯೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಎಡಕ್ಕೊಂದು, ಬಲಕ್ಕೊಂದು. ಕ್ಯಾಸೆಟ್ ಡಬ್ಬಿ ಮಾಡುತ್ತಿದ್ದ ಕೆಲಸವೇ. ಆಕ್ಸ್ ಕೇಬಲಿನ ನಡುವೆ ಸೇರಿಸಿದ ಕೂಡಲೇ ಕೂಗು ಪೂರ್ತಿ ಮಾಯ. ನಾನು ಕುಣಿಯುವುದೊಂದು ಬಾಕಿ. ಮಾಮಾ ಎರಡು ನಿಮಿಷ ಕೇಳಿ, “ಡಗ್ಗಾ ಎಲ್ಲಿ ಹೋತು?” ಎಂದರು. ಹೌದು, ತಬಲಾದ ಎಡಗೈಯ ಗುಂ ಎಂಬ ಸದ್ದು ತೆಳ್ಳಗಾಗಿತ್ತು. ಅಗ್ಗದ ಐಸೊಲೇಟರಿನ ಟ್ರಾನ್ಸ್‌ಫಾರ್ಮರ್ ತೀರಾ ಸಣ್ಣದು, ಕೆಳಗಿನ ಸ್ವರಗಳನ್ನು ಹೊರುವ ತಾಕತ್ತು ಅದಕ್ಕಿಲ್ಲ. ಹೆಚ್ಚಿನವರಿಗೆ ಇದು ಗೊತ್ತೂ ಆಗುವುದಿಲ್ಲ. ಅವಸರದಲ್ಲಿರುವವರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ.

ಮೂರನೆಯದು ವೈರಿಂಗ್. ಐಪಾಡಿಗೂ ಸೆಟ್ಟಿಗೂ ಒಂದೇ ಅರ್ತ್ ಕೊಟ್ಟುಬಿಟ್ಟರೆ ಎರಡು ಬೋಲ್ಟಿನ ಜಗಳವೇ ಇರುವುದಿಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಸೆಟ್ಟಿನ ಎರಡೂ ಬದಿಗೆ ತೆಳ್ಳಗಿನ ಪಟ್ಟಿ ಕೀ ತೂರಿಸಿ ಎಳೆದರೆ ಹೊರಗೆ ಬರುತ್ತದೆ. ಹಿಂದೆ ಹಳದಿ ತಂತಿ ಯಾವಾಗಲೂ ಇರುವ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ತ್. ಬಣ್ಣ ನಂಬಬೇಡಿ, ಮೀಟರ್ ಹಿಡಿದೇ ನೋಡಿ. ಹಿಂದಿನ ಯಜಮಾನರು ಯಾವ ಬಣ್ಣದ ತಂತಿಯನ್ನು ಯಾವುದಕ್ಕೆ ಸುತ್ತಿದ್ದಾರೋ ಯಾರಿಗೆ ಗೊತ್ತು. ಕೆಂಪಿನಿಂದ ಒಂದು ಕವಲು ತೆಗೆದು, 1 ಆಂಪಿಯರ್ ಫ್ಯೂಸ್ ಹಾಕಿ, 12ರಿಂದ 5 ವೋಲ್ಟ್ ಮಾಡುವ 280 ರೂಪಾಯಿಯ ಕನ್ವರ್ಟರಿಗೆ ಕೊಟ್ಟೆ. ಐಪಾಡಿಗೆ ಬೇಕಾದ್ದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್. 12 ವೋಲ್ಟಿನ ಕಡೆ ಅದು ಕಾಲು ಆಂಪಿಯರ್ ಕೂಡ ಆಗುವುದಿಲ್ಲ, ತಂತಿಗೆ ಭಾರವಲ್ಲ. ಕನ್ವರ್ಟರಿನ ಕಪ್ಪು ತಂತಿಯನ್ನು ಸೆಟ್ಟಿನ ಕಪ್ಪು ತಂತಿಗೇ, ಕನೆಕ್ಟರಿನ ಪಕ್ಕದಲ್ಲೇ ಸೇರಿಸಿದೆ. ಬೇರೆಲ್ಲೂ ಅಲ್ಲ. ಹೊರಗೆ 30 ಪಿನ್ನಿನ ಆ ಕೇಬಲ್ ಬಂತು. ವ್ಯರ್ಥ ಎಂದುಕೊಂಡಿದ್ದ 600 ರೂಪಾಯಿ ಕೊನೆಗೂ ಕೆಲಸಕ್ಕೆ ಬಂತು.

ಇಂಜಿನ್ ಆನ್. ಫ್ಯಾನ್ ನಾಲ್ಕು. ಲೈಟ್. ತಂಬೂರಿ. ಡಗ್ಗಾವೂ ಇತ್ತು, ಕೂಗು ಇರಲಿಲ್ಲ.

ಆದರೆ ರೇಡಿಯೋ ಹಾಕಿದರೆ 101.3ರಲ್ಲಿ ಹೊಸದಾಗಿ ಕರಕರ! ಕನ್ವರ್ಟರನ್ನು ನಾನು ಸೆಟ್ಟಿನ ಹಿಂದೆ, ಆಂಟೆನಾ ವೈರಿಗೆ ಒತ್ತಿಕೊಂಡಂತೆ ಇಟ್ಟಿದ್ದೆ. ಇಂಥ ಕನ್ವರ್ಟರ್‌ಗಳು ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಆನ್ ಆಫ್ ಮಾಡಿ ಕೆಲಸ ಮಾಡುತ್ತವೆ, ಅದರ ಚೂರುಪಾರು ರೇಡಿಯೋಗೆ ಸಿಡಿಯುತ್ತದೆ. ಒಂದು ಅಡಿ ದೂರಕ್ಕೆ, ಗ್ಲೋವ್ ಬಾಕ್ಸಿನ ಹಿಂದಕ್ಕೆ ಸರಿಸಿ ಕಟ್ಟಿದೆ. ಕರಕರ ಹೋಯಿತು.

ಐಪಾಡ್ ಎಲ್ಲಿಡಬೇಕು ಎಂಬ ಚರ್ಚೆ ಬೇರೆ ನಡೆಯಿತು. ಮಾಮಾ ಡ್ಯಾಶ್‌ಬೋರ್ಡಿನ ಮೇಲೆ ಇಡುತ್ತಿದ್ದರು. ಓಡುವಾಗ 35 ಡಿಗ್ರಿ, ಸುಮ್ಮನೆ ಇಟ್ಟಾಗ 45 ಡಿಗ್ರಿಯ ತನಕ ಮಾತ್ರ ಅದು ತಡೆಯುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ಗೇರಿನ ಮುಂದಿನ ತಟ್ಟೆಯಲ್ಲಿ ಒಂದು ರಬ್ಬರ್ ಹಾಸು. ಕಾರು ನಿಲ್ಲಿಸಿದರೆ ಐಪಾಡ್ ಜೇಬಿಗೆ.

ಖರ್ಚಿನ ಲೆಕ್ಕ ಮಾಮಾ ತಮ್ಮ ಡೈರಿಯಲ್ಲಿ ಬರೆದಿದ್ದರು. ಎಲ್ಲ ಸೇರಿ 2440 ರೂಪಾಯಿ. ತಂತಿ ಮತ್ತು ಫ್ಯೂಸಿನ 60 ಸೇರಿ ಅದರಲ್ಲಿ ಬಳಕೆಯಾದದ್ದು 940. ಉಳಿದ 1500ರ ಮುಂದೆ ನನ್ನ ಹೆಸರು.

ಜನವರಿಯಲ್ಲಿ ಧಾರವಾಡಕ್ಕೆ ಹೊರಟವರು ಚಿತ್ರದುರ್ಗದ ಹತ್ತಿರ ಚಹಾಕ್ಕೆ ನಿಲ್ಲಿಸಿ ಫೋನ್ ಮಾಡಿದರು. ನಾನು ಉಸಿರು ಬಿಗಿಹಿಡಿದು ಕೇಳಿದೆ.

“ಹೆಂಗೈತಿ ಮಾಮಾ, ಕೂಗ್ತಿದೆಯಾ?”

“ಇಲ್ಲೋ. ಆ ಡಿಸ್ಕಿನ ಕಿರ್ರ್ ಒಂದು, ನೆಟ್ಟಗ ಕಿವಿ ಕೊಟ್ರ ಅಷ್ಟ. ತುಮಕೂರಿಂದ ಇಲ್ಲೀತನಕ ಏಳು ಸಲ ಬಂತು.”

ಅದನ್ನೂ ತೆಗೆಯಬಹುದು ಮಾಮಾ, ಕನ್ವರ್ಟರಿಗೆ ಇನ್ನೊಂದು ಕೆಪಾಸಿಟರ್ ಹಾಕಿದರೆ ಆದೀತು ಎಂದೆ.

“ಬ್ಯಾಡ ತಮ್ಮಾ,” ಎಂದರು. “ಎಷ್ಟಾಗತೈತಿ ಅದಕ್ಕ?”